ಪಾಲಕರ ಕೋಲು

ಶಿವಮೊಗ್ಗದ ಬಿ. ಎಚ್. ರಸ್ತೆಯಲ್ಲಿ ಓಡಾಡುವವರಿಗೆ ಪವಿತ್ರ ಹೃದಯ ಪ್ರಧಾನಾಲಯದ ಪರಿಚಯ ಇದ್ದೇ ಇರುತ್ತದೆ. ಒಳಗೆ ಹೋಗಿರಲಿ, ಬಿಡಲಿ, ಆ ದೊಡ್ಡ ಕಟ್ಟಡವನ್ನು ಕಾಣದವರು ಊರಿನಲ್ಲಿ ವಿರಳ. ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಗೆ ಬಂದರೆ ಅಲ್ಲಿಯೂ ಒಬ್ಬ ಬಿಷಪ್ಪರ ಪೀಠವಿದೆ. ಎರಡೂ ಕಥೋಲಿಕ ಪೀಠಗಳೇ. ಇವಲ್ಲದೆ ದಕ್ಷಿಣ ಭಾರತ ಸಭೆಗೆ, ಎಂದರೆ ಸಿ. ಎಸ್. ಐ.ಗೆ ಸೇರಿದ ಕ್ರೈಸ್ತರೂ ಈ ಭಾಗದಲ್ಲಿದ್ದಾರೆ. ಕ್ರಿಸ್‌ಮಸ್ ಬಂದಾಗ ಪಕ್ಕದ ಮನೆಯಿಂದ ಬರುವ ಕುಸ್ವಾರಿನ ತಟ್ಟೆಯನ್ನು ಸಂತೋಷದಿಂದ ತೆಗೆದುಕೊಳ್ಳುವ ನೀವು ಒಮ್ಮೆಯಾದರೂ ಯೋಚಿಸಿರಬಹುದು: ಇವರು ನಂಬುವ ದೇವರು ಒಬ್ಬನೇ ಆದರೆ ಇಷ್ಟು ಮಂದಿ ಮುಖ್ಯಸ್ಥರು ಏಕೆ? ಆ ಮುಖ್ಯಸ್ಥರ ಕೆಲಸವಾದರೂ ಏನು? ಕೇಳಿದರೆ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಾಗಿರಲೂಬಹುದು. ಆ ಪ್ರಶ್ನೆಗಳನ್ನು ಇಲ್ಲಿ ಸ್ವಲ್ಪ ವಿಚಾರ ಮಾಡೋಣ.

ಮೊದಲು ನಂಬಿಕೆಯ ಮಾತು. ದೇವರು ಒಬ್ಬನೇ; ಆತ ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೈಕ್ಯ ಸ್ವರೂಪನು; ಯೇಸುಕ್ರಿಸ್ತನಲ್ಲಿ ಆತನೇ ಮನುಷ್ಯನಾಗಿ ಬಂದು, ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಎದ್ದನು. ಇದು ಆ ನಂಬಿಕೆಯ ಸಾರ. ಇದರಲ್ಲಿ ಶಿವಮೊಗ್ಗದ ಪೀಠಕ್ಕೂ ಭದ್ರಾವತಿಯ ಪೀಠಕ್ಕೂ ಸಿ. ಎಸ್. ಐ. ಸಭೆಗೂ ಭೇದವಿಲ್ಲ. ಭೇದವಿರುವುದು ಆರಾಧನೆಯ ಕ್ರಮದಲ್ಲಿ, ಸಭೆಯ ಆಡಳಿತದಲ್ಲಿ ಮತ್ತು ಕೆಲವು ಬೋಧನೆಗಳಲ್ಲಿ.

ಇನ್ನು ಒಂದೇ ಜಿಲ್ಲೆಯಲ್ಲಿ ಇಬ್ಬರು ಕಥೋಲಿಕ ಬಿಷಪ್ಪರು ಏಕೆ ಎಂಬುದು. ಇದು ಜಗಳದಿಂದ ಆದದ್ದಲ್ಲ. ಜನರು ಬಂದ ದಾರಿಯಿಂದ ಆದದ್ದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯ ಸ್ಥಾಪನೆಯಾಯಿತು. ಕಾಗದನಗರ ಎಂಬ ಹೆಸರೇ ಅದರಿಂದ ಬಂದದ್ದು. ಕೆಲಸವಿದ್ದಲ್ಲಿಗೆ ಜನ ಬರುತ್ತಾರೆ. ಕರಾವಳಿಯಿಂದ ಕೊಂಕಣಿಯವರು ಬಂದರು, ತಮಿಳು ನಾಡಿನ ಕಡೆಯಿಂದ ತಮಿಳರು ಬಂದರು, ಕೇರಳದಿಂದ ಮಲಯಾಳಿಗಳು ಬಂದರು. ಕಾರ್ಖಾನೆಗೆ ಬಂದವರಂತೆಯೇ ಮಲೆನಾಡಿನಲ್ಲಿ ಜಮೀನು ಮಾಡಲು ಬಂದ ಮಲಯಾಳಿ ಕುಟುಂಬಗಳೂ ಉಂಟು. ಪ್ರತಿಯೊಬ್ಬರೂ ಪಾತ್ರೆಪಡಗದೊಂದಿಗೆ ತಮ್ಮ ಪ್ರಾರ್ಥನೆಯನ್ನೂ ತಂದರು.

ಕೊಂಕಣಿ ಮತ್ತು ತಮಿಳು ಮಾತಾಡುವ ಕಥೋಲಿಕರಲ್ಲಿ ಬಹುಮಂದಿ ಲ್ಯಾಟಿನ್ ವಿಧಿಗೆ, ಎಂದರೆ ರೋಮಿನ ಆರಾಧನಾ ಕ್ರಮಕ್ಕೆ ಸೇರಿದವರು. ಶಿವಮೊಗ್ಗ ಧರ್ಮಕ್ಷೇತ್ರ ಆ ವಿಧಿಯದು. ಚಿಕ್ಕಮಗಳೂರು ಧರ್ಮಕ್ಷೇತ್ರದಿಂದ ಬೇರೆಯಾಗಿ 1988ರಲ್ಲಿ ಸ್ಥಾಪಿತವಾಯಿತು. ಕೇರಳದಿಂದ ಬಂದವರಲ್ಲಿ ಅನೇಕರು ಸಿರೋ-ಮಲಬಾರ್ ಸಭೆಯವರು. ಸಂತ ತೋಮನಿಂದ ತಮಗೆ ಧರ್ಮ ಬಂತೆಂಬುದು ಅವರ ಪರಂಪರೆ. ಅವರ ಪೂಜಾಕ್ರಮದ ಮೂಲ ಸಿರಿಯಾಕ್ ಭಾಷೆಯದು. ಅವರಿಗಾಗಿ 2007ರಲ್ಲಿ, ಕೇರಳದ ಮಾನಂತವಾಡಿ ಧರ್ಮಕ್ಷೇತ್ರದಿಂದ ವಿಂಗಡಿಸಿ, ಭದ್ರಾವತಿ ಧರ್ಮಕ್ಷೇತ್ರವನ್ನು ರಚಿಸಲಾಯಿತು. ಜೋಸೆಫ್ ಅರುಮಚ್ಚಾಡತ್ ಅದರ ಮೊದಲ ಬಿಷಪ್ಪರಾದರು. ಎರಡು ವಿಧಿಗಳಿಗೂ ಪೋಪರೇ ಶಿರೋಮಣಿ. ಎರಡಕ್ಕೂ ಸಮಾನ ಗೌರವ. ಸಿ. ಎಸ್. ಐ. ಪೋಪರ ಅಧೀನದಲ್ಲಿಲ್ಲ. ಆಂಗ್ಲಿಕನ್, ಮೆಥೊಡಿಸ್ಟ್ ಮುಂತಾದ ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ಕಟ್ಟಿಕೊಂಡ ಸಭೆ ಅದು. ದೇಶ ಸ್ವತಂತ್ರವಾದ ಆರೇ ವಾರಗಳಲ್ಲಿ ನಡೆದ ಈ ಐಕ್ಯ ಸಣ್ಣ ಸಂಗತಿಯಲ್ಲ.

ಈಗ ಮುಖಂಡತ್ವದ ವಿಚಾರ. ಬಿಷಪ್ಪರು ಹಬ್ಬದ ಪೂಜೆಗೆ ಬಂದಾಗ ಅವರ ಕೈಯಲ್ಲಿ ಒಂದು ಉದ್ದನೆಯ ಕೋಲಿರುವುದನ್ನು ನೀವು ನೋಡಿರಬಹುದು. ಅದನ್ನು ರಾಜದಂಡವೆಂದು ತಿಳಿಯಬೇಡಿ. ಅದು ಕುರಿ ಕಾಯುವವನ ಕೋಲು. ಬಯಲುಸೀಮೆಯಿಂದ ಮಂದೆ ಹೊಡೆದುಕೊಂಡು ಬರುವ ಕುರುಬರನ್ನು ಕಂಡ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂದೆ ಮಲಗಿದ ಮೇಲೂ ಕುರುಬ ಎಚ್ಚರವಾಗಿರುತ್ತಾನೆ. ಕುಂಟುವ ಮರಿಯನ್ನು ಹೆಗಲಿಗೇರಿಸಿಕೊಳ್ಳುತ್ತಾನೆ. ‘ಪಾಸ್ಟರ್’ ಎಂಬ ಮಾತಿಗೆ ಲ್ಯಾಟಿನ್ ಭಾಷೆಯಲ್ಲಿ ಕುರಿಗಾಹಿ ಎಂದೇ ಅರ್ಥ. ನಮ್ಮ ಕ್ರೈಸ್ತರು ಅದನ್ನು ‘ಸಭಾಪಾಲಕ’ ಎಂದು ಕನ್ನಡಿಸಿಕೊಂಡಿದ್ದಾರೆ.

ಆ ಕೋಲಿಗೆ ನಿಯಮಗಳೂ ಉಂಟು. ಲ್ಯಾಟಿನ್ ವಿಧಿಯ 1983ರ ಧರ್ಮಶಾಸನ ಸಂಹಿತೆ ಗುರುವಿನ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳುತ್ತದೆ. ಆತ ಮನೆಮನೆಗೆ ಹೋಗಿ ಜನರ ಕಷ್ಟಸುಖ ತಿಳಿಯಬೇಕು. ರೋಗಿಗಳನ್ನು, ಮುಖ್ಯವಾಗಿ ಸಾಯುವ ಸ್ಥಿತಿಯಲ್ಲಿರುವವರನ್ನು, ನೋಡಿಕೊಳ್ಳಬೇಕು. ಬಡವರು, ನೊಂದವರು, ಒಂಟಿಯಾದವರು, ಊರುಬಿಟ್ಟು ಬಂದವರು, ಇವರನ್ನು ವಿಶೇಷ ಶ್ರದ್ಧೆಯಿಂದ ಹುಡುಕಬೇಕು. ಹಣದ ವಿಚಾರದಲ್ಲಿಯೂ ಆತನೊಬ್ಬನದೇ ಮಾತಲ್ಲ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಹಣಕಾಸಿನ ಸಮಿತಿ ಇರಲೇಬೇಕು. ಬಿಷಪ್ಪರಿಗೆ 75 ವರ್ಷ ತುಂಬಿದಾಗ ರಾಜೀನಾಮೆಯನ್ನು ಪೋಪರಿಗೆ ಒಪ್ಪಿಸಬೇಕು. ಪೀಠ ಮನೆತನದ ಆಸ್ತಿಯಲ್ಲ. ಶಿವಮೊಗ್ಗದ ಮೊದಲ ಬಿಷಪ್ಪರಾದ ಇಗ್ನೇಷಿಯಸ್ ಪಿಂಟೊ 1998ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿ ಹೋದರು. ಅನಂತರ ಬಂದ ಜೆರಾಲ್ಡ್ ಐಸಾಕ್ ಲೋಬೊ 2012ರಲ್ಲಿ ಉಡುಪಿಯ ಮೊದಲ ಬಿಷಪ್ಪರಾದರು. 2014ರಲ್ಲಿ ಜೆಸುಯಿಟ್ ಸಂಘದ ಫ್ರಾನ್ಸಿಸ್ ಸೆರಾವೊ ಶಿವಮೊಗ್ಗದ ಪೀಠಕ್ಕೆ ಬಂದರು. ಸಿ. ಎಸ್. ಐ.ನಲ್ಲಿ ಚುನಾವಣೆಯ ಪದ್ಧತಿಯಿದೆ. ಬಿಷಪ್ಪರ ಸ್ಥಾನಕ್ಕೆ ಪ್ರಾಂತದ ಸಭೆ ಕೆಲವು ಹೆಸರುಗಳನ್ನು ಆರಿಸಿ ಕಳಿಸುತ್ತದೆ. ಅವರಲ್ಲಿ ಒಬ್ಬರನ್ನು ಸಿನಡ್ ನೇಮಿಸುತ್ತದೆ. ಅಲ್ಲಿ ಸ್ತ್ರೀಯರಿಗೂ ಗುರುದೀಕ್ಷೆಯುಂಟು. 2013ರಲ್ಲಿ ಪುಷ್ಪಲಲಿತಾ ಎಂಬವರು ಆಂಧ್ರದ ನಂದ್ಯಾಲದಲ್ಲಿ ಬಿಷಪ್ಪರಾದರು. ಕಥೋಲಿಕ ಸಭೆ ಸ್ತ್ರೀಯರಿಗೆ ಗುರುದೀಕ್ಷೆ ಕೊಡುವುದಿಲ್ಲ.

ನಿಯಮವಿದ್ದ ಮಾತ್ರಕ್ಕೆ ಎಲ್ಲರೂ ಅದರಂತೆ ನಡೆಯುತ್ತಾರೆಯೇ ಎಂದು ನೀವು ಕೇಳಬಹುದು. ಇಲ್ಲ. ಅಧಿಕಾರದ ಮದ, ಹಣದ ಆಸೆ, ಭಾಷೆಯ ಪಕ್ಷಪಾತ, ಇವು ಮನುಷ್ಯರಿರುವ ಕಡೆಯೆಲ್ಲ ಇರುವ ರೋಗಗಳು. ಚರ್ಚಿನ ಬಾಗಿಲು ಇವನ್ನು ತಡೆಯಲಾರದು. ಆದ್ದರಿಂದಲೇ ವರ್ಷಕ್ಕೊಮ್ಮೆ, ಶುಭ ಶುಕ್ರವಾರದ ಹಿಂದಿನ ಸಂಜೆ, ಲ್ಯಾಟಿನ್ ವಿಧಿಯ ಚರ್ಚುಗಳಲ್ಲಿ ಕಾಲು ತೊಳೆಯುವ ವಿಧಿ ನಡೆಯುತ್ತದೆ. ಯೇಸು ತನ್ನ ಕಡೆಯ ಊಟದ ರಾತ್ರಿ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದನೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಅದನ್ನು ನೆನೆದು ಗುರುಗಳೂ ಬಿಷಪ್ಪರೂ ಸಾಮಾನ್ಯ ಜನರ ಕಾಲಿನ ಮುಂದೆ ಬಾಗುತ್ತಾರೆ. 2016ರಿಂದ ಈ ವಿಧಿಯಲ್ಲಿ ಸ್ತ್ರೀಯರ ಕಾಲನ್ನೂ ತೊಳೆಯಲು ಅನುಮತಿಯಿದೆ. ಪಾದಪೂಜೆ ಮಾಡಿಸಿಕೊಳ್ಳುವ ಹಿರಿಯರನ್ನು ನಾವು ಬಹಳ ನೋಡಿದ್ದೇವೆ. ಇಲ್ಲಿ ಹಿರಿಯರೇ ಬಾಗಬೇಕು. ಆ ಸಂಜೆಯ ತಂಬಿಗೆ ನೀರು ಮರುದಿನ ಮರೆತುಹೋಗದಿದ್ದರೆ ಪಾಲಕರ ಕೋಲಿಗೆ ಅರ್ಥವುಂಟು.

ಕೊನೆಯದಾಗಿ, ಧರ್ಮವೆಲ್ಲ ಗುರುಗಳದೇ ಆದರೆ ಗೃಹಸ್ಥರಿಗೆ ಉಳಿದದ್ದೇನು? 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಇದಕ್ಕೆ ಉತ್ತರ ಕೊಟ್ಟಿತು. ಪೂಜೆಯನ್ನು ಲ್ಯಾಟಿನ್ನಿನ ಬದಲು ಜನರ ಭಾಷೆಯಲ್ಲಿ ನಡೆಸಲು ದಾರಿ ಮಾಡಿದ ಮಹಾಸಭೆಯೂ ಇದೇ. ಗೃಹಸ್ಥನ ಧರ್ಮಕ್ಷೇತ್ರ ಅವನ ದಿನದ ಕೆಲಸವೇ ಎಂದು ಅದು ಬೋಧಿಸಿತು. ಎಂದರೆ, ಅಂಗಡಿಯವನ ತಕ್ಕಡಿ, ದಾದಿಯ ರಾತ್ರಿ ಪಾಳಿ, ತಾಯಿಯ ಅಡುಗೆಮನೆ, ಇವು ಭಾನುವಾರದ ಪೂಜೆಯ ಮುಂದುವರಿಕೆ. ಪಾಪನಿವೇದನೆಯ ನಿಯಮವನ್ನೇ ನೋಡಿ. ಕದ್ದವನು ಪಾಪವನ್ನು ಹೇಳಿಕೊಂಡರೆ ಸಾಲದು, ಕದ್ದದ್ದನ್ನು ಹಿಂದಿರುಗಿಸಬೇಕು.

ಕಾಗದನಗರದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಕಾಗದದ ಕಾರ್ಖಾನೆಯಲ್ಲಿ 2015-16ರ ಹೊತ್ತಿಗೆ ಉತ್ಪಾದನೆ ನಿಂತಿತು. ಸೈರನ್ನಿನ ಕೂಗಿಗೆ ಎದ್ದು ಬುತ್ತಿ ಕಟ್ಟಿದ ಮನೆಗಳಲ್ಲಿ ಬೆಳಗು ಬೇರೆಯಾಯಿತು. ದುಡಿಮೆಗಾಗಿ ಮನುಷ್ಯನಿಲ್ಲ, ಮನುಷ್ಯನಿಗಾಗಿ ದುಡಿಮೆಯಿದೆ ಎಂದು ಪೋಪ್ ಎರಡನೆಯ ಜಾನ್ ಪಾಲರು 1981ರಲ್ಲಿ ಬರೆದ ಪತ್ರದ ಸಾರ. ಕೆಲಸ ಕಳೆದುಕೊಂಡವನು ಭಾನುವಾರ ಹಿಂದಿನ ಸಾಲಿನಲ್ಲಿ ಕುಳಿತು ಮೆಲ್ಲನೆ ಎದ್ದುಹೋದರೆ, ಅವನ ಮನೆಯ ಬಾಗಿಲನ್ನು ಯಾರು ತಟ್ಟುತ್ತಾರೆ ಎಂಬುದೇ ಆ ಸಭೆಯ ನಿಜವಾದ ಪರೀಕ್ಷೆ. ಬಾಗಿಲು ತಟ್ಟುವವರು ಕೋಲು ಹಿಡಿದವರೇ ಆಗಬೇಕೆಂದಿಲ್ಲ. ಪಕ್ಕದ ಮನೆಯ ನೀವೂ ಆಗಬಹುದು. ಕುಸ್ವಾರಿನ ತಟ್ಟೆಯನ್ನು ಖಾಲಿ ಹಿಂದಿರುಗಿಸುವ ರೂಢಿ ನಮ್ಮಲ್ಲಿ ಇಲ್ಲವಲ್ಲ.