‘ಉಡುಪಿ’ ಅಂತ ಟೈಪ್ ಮಾಡಿದ್ರೆ ಬಾಕಿ ಒಂದೂಕಾಲು ಕೋಟಿ!

ನನ್ನೂರು ಆದಿ ಉಡುಪಿ. ಓದಿದ್ದು ಬಿಕಾಂ, ಇವತ್ತು ಮಾತಾಡ್ಲಿಕ್ಕೆ ಹೊರಟದ್ದು ಸಿ ಭಾಷೆ ಬಗ್ಗೆ. ಕಾರಣ, ಚಿಕ್ಕಮ್ಮನ ಮಲ್ಲಿಗೆ ಲೆಕ್ಕ.

ಚಿಕ್ಕಮ್ಮ ಶಂಕರಪುರ ಮಲ್ಲಿಗೆ ಮಾರ್ತಾರೆ. ಯಾವ ಊರಿನ ಗಿರಾಕಿ, ಎಷ್ಟು ಬಾಕಿ ಅಂತ ಇಡ್ಲಿಕ್ಕೆ ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಒಂದು ಸ್ಟ್ರಕ್ಚರ್, ಅದರಲ್ಲಿ ಊರಿನ ಹೆಸರಿಗೆ 10 ಬೈಟ್‌ನ ಅರೇ, ಅದರ ಬೆನ್ನಿಗೇ ಬಾಕಿ ಅನ್ನೋ ಇಂಟ್. ಇಂಗ್ಲಿಷಲ್ಲಿ ಮಣಿಪಾಲ, ಕಾರ್ಕಳ ಎರಡೂ ಏಳೇಳು ಅಕ್ಷರ. ಸ್ಟ್ರಿಂಗ್ ಮುಗೀತು ಅಂತ ಹೇಳುವ ಸೊನ್ನೆ ಬೈಟ್ ಸೇರಿದ್ರೂ ಎಂಟೇ. ಹತ್ತು ಧಾರಾಳ ಅಂದುಕೊಂಡೆ.

ಬಾಕಿ 450 ಹಾಕಿದೆ. ಆಮೇಲೆ ಚಿಕ್ಕಮ್ಮನಿಗೆ ಓದ್ಲಿಕ್ಕೆ ಸುಲಭ ಆಗ್ಲಿ ಅಂತ ಊರನ್ನು ಕನ್ನಡದಲ್ಲೇ ‘ಉಡುಪಿ’ ಅಂತ ಟೈಪ್ ಮಾಡಿದೆ. ಬಾಕಿ ಎಷ್ಟು ತೋರಿಸ್ತು ಗೊತ್ತುಂಟಾ? 12563168. ಎರರ್ ಇಲ್ಲ, ಕ್ರ್ಯಾಶ್ ಇಲ್ಲ!

ಆದದ್ದು ಇಷ್ಟು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಉ, ಡ, ಕೊಂಬು, ಪ, ಗುಡಿಸು: ಐದು ಚಿಹ್ನೆ, 15 ಬೈಟ್. ಸೊನ್ನೆ ಸೇರಿ 16. ಜಾಗ ಇದ್ದದ್ದು 10. ಅದರ ನಂತರ ಕಂಪೈಲರ್ ಖಾಲಿ ಬಿಟ್ಟ 2 ಬೈಟೂ ತುಂಬಿ, ಉಳಿದ 4 ಬೈಟ್ ಸೀದಾ ಬಾಕಿಯ ಮೇಲೆ ಹೋಗಿ ಕೂತಿದೆ. ಅಂದ್ರೆ ಚಿಕ್ಕಮ್ಮನಿಗೆ ಬರಬೇಕಾದ ಒಂದೂಕಾಲು ಕೋಟಿ, ‘ಪಿ’ಯ ಗುಡಿಸು ಅಷ್ಟೇ.

ನಗು ಬಂತು, ಸ್ವಲ್ಪ ಹೆದರಿಕೆಯೂ ಆಯ್ತು. ಹೀಗೆ ಉಕ್ಕಿದ ಬೈಟ್‌ಗಳನ್ನು ಬೇಕಂತಲೇ ಕಳಿಸಿದ್ರೆ ಪ್ರೋಗ್ರಾಮನ್ನೇ ಬೇರೆ ದಾರಿಗೆ ಎಳೀಬಹುದು. 1988ರ ನವೆಂಬರ್ 2ರಂದು ಹೊರಬಿದ್ದ ಮೋರಿಸ್ ವರ್ಮ್ ಹಿಡಿದ ದಾರಿಗಳಲ್ಲಿ ಒಂದು ಇದೇ. ಫಿಂಗರ್ ಅನ್ನೋ ಸೇವೆ 512 ಬೈಟ್ ಜಾಗಕ್ಕೆ ‘ಗೆಟ್ಸ್’ನಿಂದ ಓದ್ತಿತ್ತು. ಗೆಟ್ಸ್‌ಗೆ ಎಲ್ಲಿ ನಿಲ್ಲಿಸಬೇಕು ಅಂತ ಹೇಳ್ಲಿಕ್ಕೇ ಆಗುದಿಲ್ಲ. 2011ರ ಸಿ ಸ್ಟ್ಯಾಂಡರ್ಡ್ ಅದನ್ನು ಕಿತ್ತೇ ಹಾಕಿತು. ನಿಮ್ಮ ಲ್ಯಾಬ್ ಪುಸ್ತಕದಲ್ಲಿ ಇನ್ನೂ ಇದ್ರೆ ದಯವಿಟ್ಟು ಕಲೀಬೇಡಿ.

ನಾನು ಬಳಸಿದ್ದು ಸ್ಕ್ಯಾನ್‌ಎಫ್, ಬರೀ ‘ಪರ್ಸೆಂಟ್ ಎಸ್’. ಅದೂ ಅಷ್ಟೇ ಅಪಾಯ. 10ರ ಅರೇಗೆ ‘ಪರ್ಸೆಂಟ್ 9 ಎಸ್’ ಅಂತ ಬರೆದ್ರೆ ಉಕ್ಕುವುದು ನಿಲ್ತದೆ. ಆದ್ರೆ ಸ್ಪೇಸ್ ಬಂದಲ್ಲಿ ಅದು ಓದುವುದನ್ನೇ ನಿಲ್ಲಿಸ್ತದೆ: ನನ್ನೂರು ಬರೀ ‘ಆದಿ’ ಆಗಿ, ‘ಉಡುಪಿ’ ಮುಂದಿನ ಪ್ರಶ್ನೆಗೆ ಉತ್ತರವಾಗಿ ಹೋಗ್ತದೆ.

ಹಾಗಾಗಿ ಎಫ್‌ಗೆಟ್ಸ್. ಅದಕ್ಕೆ ಮೂರು ಸಂಗತಿ ಕೊಡಿ: ಅರೇ, ಅದರ ಸೈಜ್‌ಆಫ್, ಎಸ್‌ಟಿಡಿಇನ್. ಸೊನ್ನೆಗೆ ಜಾಗ ಬಿಟ್ಟೇ ಅದು ಓದ್ತದೆ. ಎಂಟರ್ ಒತ್ತಿದ ಗುರುತೂ ಒಳಗೆ ಬರ್ತದೆ, ಅದನ್ನು ಅಳಿಸ್ಬೇಕು. ಆ ಗುರುತು ಕಾಣದಿದ್ರೆ ಸಾಲು ಇನ್ನೂ ಬಾಕಿ ಉಂಟು ಅಂತ ಲೆಕ್ಕ. ಎಂಟರ್ ಸಿಗುವವರೆಗೆ ಓದಿ ಬಿಸಾಡಿ, ಹೆಸರು ಉದ್ದ ಆಯ್ತು ಅಂತ ಹೇಳಿ. ಕತ್ತರಿಸಿದ್ದನ್ನೇ ಇಟ್ಕೊಂಡ್ರೆ ಕನ್ನಡ ಅಕ್ಷರ ಮಧ್ಯದಲ್ಲೇ ಮುರೀಬಹುದು. ಇನ್ನೊಂದು: ಅರೇಯನ್ನು ಫಂಕ್ಷನ್‌ಗೆ ಕಳಿಸಿದ್ರೆ ಅಲ್ಲಿ ಸೈಜ್‌ಆಫ್ ಹೇಳುದು ಪಾಯಿಂಟರ್‌ನ ಅಳತೆ. ಅಳತೆಯನ್ನು ಬೇರೆಯಾಗಿ ಕಳಿಸಿ.

ಈಗ ಊರಿಗೆ 64 ಬೈಟ್ ಕೊಟ್ಟಿದ್ದೇನೆ. ‘ಆದಿ ಉಡುಪಿ’ಗೆ ಸೊನ್ನೆ ಸೇರಿ 26 ಸಾಕು. ಬಾಕಿ 450 ಸರಿಯಾಗಿ ಬಂತು ಅಂತ ಚಿಕ್ಕಮ್ಮನಿಗೆ ತೋರಿಸಿದೆ. “ಐವತ್ತು ಮೊನ್ನೆಯೇ ಕೊಟ್ಟಿದ್ದಾರಲ್ಲ, 400 ಮಾಡು” ಅಂದ್ರು.