ಬೇಸಗೆಯ ಸಿಡಿಲು, ಧೂಳಿನ ಗಾಳಿ: ಮನೆಮಂದಿ ಅರಿಯಬೇಕಾದ ಎಚ್ಚರಿಕೆಗಳು

ಯುಗಾದಿ ಕಳೆದು ಬಿಸಿಲು ಬಲಿತಂತೆ ನಮ್ಮ ನಾಡಿನ ಆಗಸ ಒಂದೇ ದಿನದಲ್ಲಿ ಎರಡು ಮುಖಗಳನ್ನು ತೋರುತ್ತದೆ. ಮುಂಜಾನೆ ಮೋಡವಿಲ್ಲದ ಬಯಲು; ಸಂಜೆಗೆ ಕಾರ್ಮೋಡ, ಧೂಳೆಬ್ಬಿಸುವ ಗಾಳಿ, ಗುಡುಗು, ಆಲಿಕಲ್ಲು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಹಿರಿಯರು ಈ ಮಳೆಯನ್ನು ಹರಸಿದರು. ಬಯಲುಸೀಮೆಯ ಉಳುಮೆಗೂ ಮಲೆನಾಡಿನ ಕಾಫಿಯ ಹೂವಿಗೂ ಇದು ಬೇಕೇ ಬೇಕು. ಆದರೆ ಹರಸಿ ಬರಮಾಡಿಕೊಂಡ ಈ ಅತಿಥಿಯೇ ಕೆಲವೊಮ್ಮೆ ಮನೆಯ ದೀಪವನ್ನು ಆರಿಸಿ ಹೋಗುವುದುಂಟು.

ನಮ್ಮ ಬಾಲ್ಯದಲ್ಲಿ ಕುರಿ ಕಾಯುತ್ತಿದ್ದ ಹುಡುಗನೊಬ್ಬನು ಮಳೆಗೆ ಅಂಜಿ ಹುಣಸೆಯ ಮರದಡಿ ನಿಂತು ಸಿಡಿಲಿಗೆ ಗುರಿಯಾದನು. ಮುಟ್ಟಿದವರಿಗೂ ಅಪಾಯವೆಂದು ಬಗೆದು ಬಹಳ ಹೊತ್ತು ಯಾರೂ ಅವನ ಬಳಿ ಸುಳಿಯಲಿಲ್ಲ. ಊರವರು ಅದನ್ನು ವಿಧಿಯೆಂದರು. ಇಂದು ನಾವು ಹಾಗೆನ್ನಲಾರೆವು. ದೇಶದಲ್ಲಿ 2022ರಲ್ಲಿ ಸಿಡಿಲಿನಿಂದ ಮಡಿದವರು 2,800ಕ್ಕೂ ಹೆಚ್ಚು. ಇವರಲ್ಲಿ ಅನೇಕರನ್ನು ತಿಳಿವಳಿಕೆಯೊಂದೇ ಉಳಿಸಬಹುದಿತ್ತು.

ಬಿಸಿಲಿಗೆ ನೆಲ ಕಾಯ್ದು ಅದರ ಮೇಲಿನ ಗಾಳಿ ಮೇಲೇರುತ್ತದೆ. ಕಡಲಿನಿಂದ ಬಂದ ತೇವ ಅದರೊಡನೆ ಏರಿ, ಹತ್ತು ಕಿಲೋಮೀಟರಿಗೂ ಮಿಕ್ಕ ಎತ್ತರದ ಮೋಡವಾಗುತ್ತದೆ. ಅದರೊಳಗೆ ಮಂಜಿನ ಹರಳುಗಳು ಆಲಿಕಲ್ಲಿನ ಕಣಗಳೊಡನೆ ತಾಕಲಾಡಿ ವಿದ್ಯುತ್ತು ಕೂಡುತ್ತದೆ. ನೆಲದ ಕಾವು ಮಧ್ಯಾಹ್ನದ ಮೇಲೆ ತುಂಬುವುದರಿಂದಲೇ ಸಿಡಿಲಿನ ಹೊತ್ತು ಬಹುಮಟ್ಟಿಗೆ ಸಂಜೆ. ಹೊಲದಿಂದ ಜನರೂ ದನಗಳೂ ಮರಳುವ ವೇಳೆಯೂ ಅದೇ.

ಭಾರತೀಯ ಹವಾಮಾನ ಇಲಾಖೆಯು ಜಿಲ್ಲೆಗಳಿಗೆ ನಾಲ್ಕು ಬಣ್ಣಗಳಲ್ಲಿ ಸೂಚನೆ ಕೊಡುತ್ತದೆ. ಹಸಿರಿಗೆ ಚಿಂತೆಯಿಲ್ಲ, ಹಳದಿಗೆ ಗಮನವಿರಲಿ, ಕಿತ್ತಳೆಗೆ ಸಿದ್ಧರಾಗಿರಿ, ಕೆಂಪಿಗೆ ಕೂಡಲೇ ರಕ್ಷಣೆಯ ಕ್ರಮ ಕೈಗೊಳ್ಳಿರಿ. ‘ನಿನ್ನೆ ಹಳದಿ ಎಂದರು, ಹನಿಯೂ ಬೀಳಲಿಲ್ಲ’ ಎಂದು ನಗುವವರನ್ನು ನಾವು ಕಂಡಿದ್ದೇವೆ. ಗುಡುಗಿನ ಮೋಡದ ಹರವು ಕೆಲವೇ ಮೈಲಿ. ಸೂಚನೆಯಾದರೋ ಇಡೀ ಜಿಲ್ಲೆಗೆ. ನೆರೆಯೂರಿಗೆ ಬಿದ್ದ ಸಿಡಿಲು ನಮ್ಮೂರಿಗೂ ಬೀಳಬಹುದಿತ್ತೆಂಬುದೇ ಅದರ ತಾತ್ಪರ್ಯ. ಹತ್ತಿರದ ಸಿಡಿಲಿನ ಸುಳಿವನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ನೀಡುತ್ತದೆ.

ಮೊಬೈಲ್ ಇಲ್ಲದವರು ಲೆಕ್ಕ ಹಾಕಲಿ. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ. ತಡಮಾಡದೆ ಪಕ್ಕಾ ಮನೆಯನ್ನು ಸೇರಬೇಕು. ಕೊನೆಯ ಗುಡುಗಿನ ಮೇಲೆ 30 ನಿಮಿಷ ಹೊರಬರಬಾರದು. ಮರದಡಿ, ಕೆರೆಯ ನೀರು, ತಂತಿಬೇಲಿ, ಟ್ರ್ಯಾಕ್ಟರು, ಜಾತ್ರೆ-ಮದುವೆಗಳ ಚಪ್ಪರ ಇವಾವುವೂ ಆಶ್ರಯವಲ್ಲ. ಸಿಡಿಲು ತಗುಲಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅಂಜದೆ ಮುಟ್ಟಿರಿ; ಉಸಿರು ನಿಂತಿದ್ದರೆ ಎದೆಯೊತ್ತಿ, ಉಸಿರು ಕೊಟ್ಟು, ಆಸ್ಪತ್ರೆಗೆ ಸಾಗಿಸಿರಿ. ಆ ಹುಡುಗನಿಗೆ ದೊರೆಯದ ಉಪಚಾರ ಇನ್ನಾರಿಗೂ ತಪ್ಪದಿರಲಿ.

ಮಳೆಗೆ ಮುಂಚೆ ಬೀಸುವ ಗಾಳಿಯೂ ಅಲಕ್ಷ್ಯಕ್ಕೆ ತಕ್ಕುದಲ್ಲ. ಅದೆಬ್ಬಿಸುವ ಧೂಳು ಉಬ್ಬಸದವರನ್ನು ಕಾಡುತ್ತದೆ. ಧೂಳಷ್ಟೇ ಅಲ್ಲ, ಹೂವಿನ ಪರಾಗವೂ ಬಿರುಗಾಳಿಯಲ್ಲಿ ವಿಷವಾಗಬಲ್ಲದೆಂಬುದಕ್ಕೆ ದೂರದ ಆಸ್ಟ್ರೇಲಿಯಾದ ನಿದರ್ಶನವಿದೆ. ಅಲ್ಲಿನ ಮೆಲ್ಬರ್ನ್ ನಗರದಲ್ಲಿ 2016ರ ನವೆಂಬರ್ 21ರಂದು ಗುಡುಗಿನ ಬಿರುಗಾಳಿಯು ಹುಲ್ಲಿನ ಪರಾಗವನ್ನು ನುಣ್ಣಗೆ ಒಡೆದು ಹರಡಿತು. ಸಾವಿರಾರು ಜನ ಉಸಿರುಗಟ್ಟಿ ಆಸ್ಪತ್ರೆ ಸೇರಿದರು, ಹತ್ತು ಮಂದಿ ತೀರಿಕೊಂಡರು.

ನಮ್ಮಲ್ಲಿ 2015ರಿಂದ ವಾಯು ಗುಣಮಟ್ಟ ಸೂಚ್ಯಂಕ ಜಾರಿಯಲ್ಲಿದೆ. ಅಂಕಿ 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ. 100 ದಾಟಿದರೆ ಉಬ್ಬಸ, ಹೃದ್ರೋಗವುಳ್ಳವರು, ಮಕ್ಕಳು, ವೃದ್ಧರು ಹೊರಗಿನ ಶ್ರಮವನ್ನು ತಗ್ಗಿಸಬೇಕು. 200 ಮೀರಿದರೆ ಎಲ್ಲರಿಗೂ ಎಚ್ಚರ ಬೇಕು. ಮಳೆ ಧೂಳನ್ನು ತೊಳೆಯುತ್ತದೆ, ದಿಟ. ಆದರೆ ನಾವೇ ಕಸವನ್ನೂ ಹೊಲದ ಕೂಳೆಯನ್ನೂ ಸುಟ್ಟು ಹೊಗೆಯೆಬ್ಬಿಸಿದರೆ ಆ ಮಳೆಯಾದರೂ ಏನು ಮಾಡೀತು?

ಹಿರಿಯರು ಮಳೆಯ ನಕ್ಷತ್ರಗಳನ್ನು ಎಣಿಸಿ ಕಾಯಕಕ್ಕೆ ತೊಡಗಿದರು. ಅಂತೆಯೇ ಬಣ್ಣವನ್ನೂ ಅಂಕಿಯನ್ನೂ ನೋಡಿ ಹೊರಡುವುದು ನಮ್ಮ ಮನೆಗಳ ರೂಢಿಯಾಗಲಿ. ಹೊಲಕ್ಕೆ ಹೋದವರು ಸಂಜೆ ಕ್ಷೇಮವಾಗಿ ಮರಳಲೆಂಬುದೇ ನಮ್ಮ ಹಾರೈಕೆ.