ಹೆದರಿದ ಮೀನು ಎಲ್ಲಿಗೆ ಹೋಗುತ್ತದೆ?

ಕಿರುಬೆರಳಿನಷ್ಟು ಉದ್ದವೂ ಇಲ್ಲದ ಜೀಬ್ರಾ ಮೀನು. ಬೆಳ್ಳಿ ಬಣ್ಣದ ಮೈಮೇಲೆ ಬಾಲದ ತುದಿಯವರೆಗೂ ನೀಲಿ ಪಟ್ಟೆಗಳು. ಸಾಕಿದ ತೊಟ್ಟಿಯಿಂದ ಎತ್ತಿ, ಒಂದೂವರೆ ಲೀಟರ್ ನೀರಿರುವ ಹೊಸ ಗಾಜಿನ ತೊಟ್ಟಿಗೆ ಬಿಟ್ಟರೆ ಅದು ನೇರವಾಗಿ ತಳಕ್ಕಿಳಿಯುತ್ತದೆ, ಹೊಸ ಮನೆಗೆ ತಂದ ಬೆಕ್ಕು ಮಂಚದಡಿ ಸೇರಿಕೊಳ್ಳುವ ಹಾಗೆ. ಒಮ್ಮೊಮ್ಮೆ ಕಣ್ಣು, ಕಿವಿರು ಬಿಟ್ಟರೆ ಬೇರೇನೂ ಅಲುಗದಂತೆ ನಿಂತುಬಿಡುತ್ತದೆ. ಒಮ್ಮೊಮ್ಮೆ ಗಕ್ಕನೆ ತಿರುಗಿ ಅತ್ತಿತ್ತ ಚಿಮ್ಮುತ್ತದೆ. ನಿಮಿಷಗಳು ಕಳೆದಂತೆ ತುಸು ಮೇಲೆ ಬರುತ್ತದೆ, ಮತ್ತೆ ಇಳಿಯುತ್ತದೆ, ಈ ಸಲ ಇನ್ನಷ್ಟು ಮೇಲೇರುತ್ತದೆ. ಕೊನೆಗೆ ಇಡೀ ತೊಟ್ಟಿಯನ್ನು ಸುತ್ತಿ ನೋಡುತ್ತದೆ.

ಈ ಐದಾರು ನಿಮಿಷಗಳನ್ನು ಕ್ಯಾಮೆರಾ ಪಕ್ಕದಿಂದ ಸೆರೆಹಿಡಿಯುತ್ತದೆ. ತೊಟ್ಟಿಯ ನಡುವೆ ಒಂದು ಗೆರೆ ಎಳೆದಿದೆ ಎಂದುಕೊಂಡು, ಮೀನು ಮೇಲರ್ಧಕ್ಕೆ ಬರಲು ಎಷ್ಟು ಹೊತ್ತು ಹಿಡಿಯಿತು, ಅಲ್ಲಿ ಎಷ್ಟು ಸೆಕೆಂಡು ಇತ್ತು, ಎಷ್ಟು ಸಲ ಸ್ತಬ್ಧವಾಯಿತು ಎಂದು ಸಂಶೋಧಕರು ಲೆಕ್ಕ ಹಾಕುತ್ತಾರೆ. ತಳದಲ್ಲಿ ಕಳೆದ ಹೊತ್ತು ಆತಂಕಕ್ಕೆ, ಮೇಲೇರಿ ಸುತ್ತಾಡಿದ್ದು ಅನ್ವೇಷಣೆಗೆ ಅಳತೆಗೋಲು. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಲೆವಿನ್ ಮತ್ತು ಸಂಗಡಿಗರು, ನಿಕೋಟಿನ್ ಕೊಟ್ಟ ಮೀನು ತಳದಲ್ಲಿ ಕಡಿಮೆ ಹೊತ್ತು ಇರುತ್ತದೆಂದು ತೋರಿಸಿದ ಮೇಲೆ ಈ ಪರೀಕ್ಷೆ ಎಲ್ಲೆಡೆ ಹಬ್ಬಿತು. ಖಿನ್ನತೆಗೆ ಕೊಡುವ ಫ್ಲುಒಕ್ಸೆಟಿನ್ ಔಷಧಿಯನ್ನು ಕೆಲವು ದಿನ ಕೊಟ್ಟರೆ ಮೀನು ಬೇಗ ಮೇಲೇರುತ್ತದೆ. ಕೆಫೀನ್ ಹೆಚ್ಚಾದರೆ ತಳ ಬಿಟ್ಟು ಏಳುವುದು ಕಡಿಮೆ.

ಮೀನಿನಿಂದ ಮನುಷ್ಯರ ಬಗ್ಗೆ ಏನು ತಿಳಿದೀತು ಎಂಬ ಪ್ರಶ್ನೆ ಸಹಜ. ಒತ್ತಡ ಬಂದಾಗ ಇಲಿಯ ಮೈಯಲ್ಲಿ ಮುಖ್ಯವಾಗಿ ಒಸರುವುದು ಕಾರ್ಟಿಕೋಸ್ಟೆರಾನ್. ಜೀಬ್ರಾ ಮೀನಿನಲ್ಲಿ ಒಸರುವುದು ಕಾರ್ಟಿಸಾಲ್, ನಮ್ಮಲ್ಲಿ ಒಸರುವ ಹಾರ್ಮೋನೇ ಅದು. 2013ರಲ್ಲಿ ಪ್ರಕಟವಾದ ಜೀನೋಮ್ ನಕ್ಷೆಯ ಪ್ರಕಾರ ಮನುಷ್ಯರ ಸುಮಾರು ಶೇ 70ರಷ್ಟು ಜೀನ್‌ಗಳಿಗೆ ಈ ಮೀನಿನಲ್ಲಿ ಜೋಡಿ ಇದೆ.

ಬೆಂಗಳೂರಿನ ಯಶವಂತಪುರದಲ್ಲಿ ರೈಲಿಳಿದು ಮಲ್ಲೇಶ್ವರದ ಕಡೆ ಹೊರಟರೆ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. ಅಲ್ಲಿಯೂ ಜೀಬ್ರಾ ಮೀನಿನ ಮೇಲೆ ಸಂಶೋಧನೆ ನಡೆಯುತ್ತದೆ. ಹೆಬ್ಬಾಳದಾಚೆ, ಜಿಕೆವಿಕೆ ಆವರಣದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ವತ್ಸಲಾ ತಿರುಮಲೈ ಅವರ ತಂಡ ಇದೇ ಮೀನಿನ ಪಾರದರ್ಶಕ ಮರಿಗಳ ಕಿರುಮೆದುಳಿನ ನರಕೋಶಗಳನ್ನು, ಮರಿ ಬದುಕಿರುವಾಗಲೇ, ಗಮನಿಸುತ್ತದೆ. ಅವರ ಪ್ರಶ್ನೆ ಆತಂಕದ್ದಲ್ಲ, ಈಜಿನದ್ದು. ಆದರೂ ಮೀನು ಮುಂದೇನಾಗಬಹುದೆಂದು ನಿರೀಕ್ಷಿಸಿ ಈಜುತ್ತದೆ ಎಂಬ ಅವರ ಶೋಧನೆ ಈ ಪುಟ್ಟ ತಲೆಯ ಬಗ್ಗೆ ನನ್ನ ಗೌರವ ಹೆಚ್ಚಿಸಿದೆ.

ಜಗತ್ತಿನ ಪ್ರಯೋಗಾಲಯಗಳನ್ನು ತುಂಬಿರುವ ಈ ಮೀನು ನಮ್ಮ ಉಪಖಂಡದ್ದು. 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕದಲ್ಲಿ ಇದನ್ನು ಮೊದಲು ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಊರೂರು ಸುತ್ತಿ ಬೆಳೆ, ಕಸುಬು, ಜಾತಿ ಎಲ್ಲವನ್ನೂ ಬರೆದಿಟ್ಟ ಬುಕಾನನ್ ಇವರೇ. ಹ್ಯಾಮಿಲ್ಟನ್ ಎಂಬ ಹೆಸರು ಆಮೇಲೆ ಸೇರಿದ್ದು.

ಗದ್ದೆಯಂಚಿನಲ್ಲಿ, ನಿಧಾನವಾಗಿ ಹರಿಯುವ ಆಳವಿಲ್ಲದ ನೀರಿನಲ್ಲಿ ಇದರ ವಾಸ. ಮಿಂಚುಳ್ಳಿ, ಬಕ ಎರಗುವುದು ಮೇಲಿನಿಂದ. ಹಾಗಾಗಿ ಗುರುತಿಲ್ಲದ ಜಾಗದಲ್ಲಿ ತಳಕ್ಕಿಳಿಯುವುದು ಜೀವ ಉಳಿಸುವ ವಿವೇಕ. ಅದನ್ನೇ ಕಾಯಿಲೆಯ ಲಕ್ಷಣವೆಂಬಂತೆ ಓದುವುದು ನನಗೆ ಒಪ್ಪಿಗೆಯಿಲ್ಲ. ತಳದಲ್ಲಿರುವ ಮೀನು ಹೆದರಿರಬಹುದು, ದಣಿದಿರಬಹುದು, ಔಷಧಿಯ ಮಂಪರಿನಲ್ಲೂ ಇರಬಹುದು. ಈಜಿನ ವೇಗ, ಕಾರ್ಟಿಸಾಲ್ ಎರಡನ್ನೂ ಜೊತೆಗಿಟ್ಟು ನೋಡದೆ ತೀರ್ಪು ಕೊಡಬಾರದು. ಬಲೆಯಲ್ಲಿ ಎತ್ತಿದ ರೀತಿ, ನೀರಿನ ಬಿಸಿ, ಗುಂಪಿನಿಂದ ಬೇರ್ಪಟ್ಟದ್ದು, ಇವೆಲ್ಲ ಫಲಿತಾಂಶವನ್ನು ಅಲುಗಾಡಿಸುತ್ತವೆ. ಜೇನುಹುಳಗಳ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್, ಗಾಯಗೊಂಡ ಮೀನಿನ ಚರ್ಮದಿಂದ ನೀರಿಗೆ ಸೇರುವ ರಾಸಾಯನಿಕ ಉಳಿದ ಮೀನುಗಳಲ್ಲಿ ದಿಗಿಲೆಬ್ಬಿಸುತ್ತದೆಂದು 1938ರಲ್ಲೇ ಬರೆದಿದ್ದರು. ಬಲೆ ಒಂದು ಮೀನಿನ ಮೈ ತರಚಿದ್ದರೂ, ಅದೇ ನೀರಿಗೆ ಬರುವ ಮುಂದಿನ ಮೀನಿನ ಅಳತೆ ಕೆಟ್ಟಂತೆಯೇ.

ತಲೆಮಾರುಗಳಿಂದ ತೊಟ್ಟಿಯಲ್ಲೇ ಬೆಳೆದ ಮೀನಿಗೂ ಹಳ್ಳದ ಮೀನಿಗೂ ಧೈರ್ಯ ಒಂದೇ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಶರಾವತಿ, ಅಘನಾಶಿನಿ, ಬೇಡ್ತಿ, ಕಾಳಿ ನದಿಗಳ ಮೀನುಗಳನ್ನು ಸಮೀಕ್ಷೆ ಮಾಡಿದ ಅನುರಾಧಾ ಭಟ್ ಆಮೇಲೆ ಕೋಲ್ಕತ್ತದ ಐಸರ್‌ನಲ್ಲಿ ಕಾಡು ಜೀಬ್ರಾ ಮೀನಿನ ವರ್ತನೆಯತ್ತ ಹೊರಳಿದರು. ಬೇರೆ ಬೇರೆ ನೆಲೆಗಳಿಂದ ಹಿಡಿದು ತಂದ ಮೀನುಗಳ ಧೈರ್ಯ, ಅನ್ವೇಷಣೆಗಳಲ್ಲಿ ವ್ಯತ್ಯಾಸವಿದೆ ಎಂದು 2018ರಲ್ಲಿ ತಮಾಲ್ ರಾಯ್ ಜೊತೆ ಅವರು ಪ್ರಕಟಿಸಿದರು. ಗಂಡೋ ಹೆಣ್ಣೋ, ಮೈ ಗಾತ್ರ ಎಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಯೂರೋಪು, ಅಮೆರಿಕದ ಪ್ರಯೋಗಾಲಯಗಳು ಈ ಮೀನನ್ನು ಅದರ ಹಳ್ಳದಲ್ಲಿ ನೋಡಬೇಕಾದರೆ ಇಲ್ಲಿಗೇ ಬರಬೇಕು. ನಮ್ಮವರಿಗೆ ಆ ಹಳ್ಳಗಳು ರಾತ್ರಿ ಬಸ್ಸಿನಷ್ಟೇ ದೂರ. ತೊಟ್ಟಿಯ ಮೀನಿನ ಪಕ್ಕದಲ್ಲಿ ಹಳ್ಳದ ಮೀನನ್ನೂ ಇಟ್ಟು ಅಳೆಯುವ ಕೆಲಸ ಇಲ್ಲಿಂದಲೇ ಇನ್ನಷ್ಟು ಹೊರಬರಬೇಕು.